ಕಂಪ್ಯೂಟರ್ ಸೈನ್ಸ್ ಸೀಟು, ಕಾಲೇಜು, ಕಲಿಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಇಟಿ ರಿಸಲ್ಟ್ ಬಂದ ದಿನದಿಂದ ಸೀಟು ಹಂಚಿಕೆ ಮುಗಿಯುವವರೆಗೆ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟ್ರುಗಳಿಗೆ ಫೋನ್ ಕೆಳಗಿಡಲು ಪುರುಸೊತ್ತು ಇರುವುದಿಲ್ಲ. ನೆಂಟರು, ನೆಂಟರ ನೆಂಟರು, ಹಳೆಯ ವಿದ್ಯಾರ್ಥಿಗಳು, ಊರಿನ ಹೈಸ್ಕೂಲಿನ ಹೆಡ್‌ಮಾಸ್ಟರು, ಎಲ್ಲರಿಗೂ ಹೆಚ್ಚು ಕಡಿಮೆ ಅವೇ ಪ್ರಶ್ನೆ. ಹಾಗೆ ಕೇಳಿದ್ದು, ಪತ್ರದಲ್ಲಿ ಬಂದದ್ದು, ಸ್ಟಾಫ್ ರೂಮಿನಲ್ಲಿ ಜಗಳ ಆಡಿದ್ದು ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಮೊದಲು ಮನೆಯವರ ಪ್ರಶ್ನೆಗಳು, ಆಮೇಲೆ ವಿದ್ಯಾರ್ಥಿಗಳದ್ದು, ಕೊನೆಗೆ ಪಾಠ ಮಾಡುವವರದ್ದು. ಶುಲ್ಕ, ದಿನಾಂಕ, ಸೀಟಿನ ಸಂಖ್ಯೆ ವರ್ಷ ವರ್ಷ ಬದಲಾಗುತ್ತವೆ. ಅವಕ್ಕೆ ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಜಾಲತಾಣವನ್ನೇ ನೋಡಿ, ಯಾರದೋ ವಾಟ್ಸ್‌ಆ್ಯಪ್ ಫಾರ್ವರ್ಡ್ ನಂಬಬೇಡಿ.

## ಸೀಟು ಹುಡುಕುವವರಿಗೆ

ಎಲ್ಲಿ ನೋಡಿದರೂ ಕಂಪ್ಯೂಟರ್ ಸೈನ್ಸೇ. ಇದ್ದಕ್ಕಿದ್ದ ಹಾಗೆ ಇಷ್ಟೊಂದು ಸೀಟು ಎಲ್ಲಿಂದ ಬಂತು ಸಾರ್?

ಮೊದಲು ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿ ಇತ್ತು. ಎಐಸಿಟಿಇ, ಅಂದರೆ ತಾಂತ್ರಿಕ ಶಿಕ್ಷಣಕ್ಕೆ ಅನುಮತಿ ಕೊಡುವ ಕೇಂದ್ರದ ಪರಿಷತ್ತು, ಒಂದು ಬ್ರಾಂಚಿಗೆ 240ರ ಮೇಲೆ ಕೊಡುತ್ತಿರಲಿಲ್ಲ. 2024-25ರಿಂದ ಚೆನ್ನಾಗಿ ನಡೆಯುವ ಕಾಲೇಜುಗಳಿಗೆ ಆ ಮಿತಿ ತೆಗೆದರು. ಇದರ ಜೊತೆಗೆ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿತ್ತು. ಮೆಕ್ಯಾನಿಕಲ್, ಸಿವಿಲ್ ಸೀಟುಗಳು ಖಾಲಿ ಉಳಿಯುತ್ತಿದ್ದವು. ಅವನ್ನು ಕಾಲೇಜುಗಳು ಬಿಟ್ಟುಕೊಟ್ಟು ಕಂಪ್ಯೂಟರ್ ಕಡೆಯ ಸೀಟು ಪಡೆದವು.

ಕರ್ನಾಟಕದಲ್ಲಿ ಇದು ಇಷ್ಟು ಬೇಗ ಹಬ್ಬಲು ಹಳೆಯ ಕಾರಣವೂ ಇದೆ. ಇಲ್ಲಿ ಖಾಸಗಿ ಕಾಲೇಜುಗಳ ಬೇರು ಆಳ. ಬೆಂಗಳೂರಿನ ಬಿಎಂಎಸ್ ಕಾಲೇಜು ಶುರುವಾದದ್ದು 1946ರಲ್ಲಿ, ಮೈಸೂರಿನ ಎನ್‌ಐಇ ಕೂಡ ಅದೇ ವರ್ಷ, ಹುಬ್ಬಳ್ಳಿಯ ಬಿವಿಬಿ 1947ರಲ್ಲಿ, ಮಣಿಪಾಲ 1957ರಲ್ಲಿ, ಕಲಬುರಗಿಯ ಪಿಡಿಎ 1958ರಲ್ಲಿ. ಕ್ಯಾಪಿಟೇಶನ್, ಅಂದರೆ ಸೀಟಿಗೆ ವಸೂಲಿ ಮಾಡುವ ವಂತಿಗೆಯ ಹಾವಳಿ ಎಷ್ಟಿತ್ತೆಂದರೆ ಅದನ್ನು ತಡೆಯಲು 1984ರಲ್ಲೇ ರಾಜ್ಯ ಕಾನೂನು ಮಾಡಬೇಕಾಯಿತು. ಕ್ಯಾಪಿಟೇಶನ್ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ ಹೇಳಿದ 1992ರ ಮೋಹಿನಿ ಜೈನ್ ಪ್ರಕರಣ, ಖಾಸಗಿ ಕಾಲೇಜುಗಳ ಸೀಟು ಹಂಚಿಕೆಗೆ ನಿಯಮ ಹಾಕಿದ ಮರುವರ್ಷದ ಉನ್ನಿಕೃಷ್ಣನ್ ತೀರ್ಪು, ಅದರ ಬೆನ್ನಿಗೇ ಬಂದ ಸಿಇಟಿ, ಎಲ್ಲ ಒಂದೇ ಕಥೆಯ ಭಾಗಗಳು. ಸೀಟಿಗೆ ಬೇಡಿಕೆ ಬಂದ ಕೂಡಲೇ ಸೀಟು ಮಾಡಿಕೊಡುವ ವ್ಯವಸ್ಥೆ ನಮ್ಮಲ್ಲಿ ಮೊದಲಿನಿಂದ ಸಿದ್ಧವಾಗಿಯೇ ಇತ್ತು. ಕಲಿಸುವವರನ್ನು ಅಷ್ಟೇ ಬೇಗ ತಯಾರು ಮಾಡುವ ವ್ಯವಸ್ಥೆ ಮಾತ್ರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಸಿಎಸ್ (ಕಂಪ್ಯೂಟರ್ ಸೈನ್ಸ್), ಐಎಸ್ (ಇನ್ಫರ್ಮೇಶನ್ ಸೈನ್ಸ್), ಎಐ-ಎಂಎಲ್ (ಕೃತಕ ಬುದ್ಧಿಮತ್ತೆ, ಮೆಷಿನ್ ಲರ್ನಿಂಗ್), ಡೇಟಾ ಸೈನ್ಸ್, ಸೈಬರ್ ಸೆಕ್ಯೂರಿಟಿ. ಇವುಗಳಲ್ಲಿ ಏನು ವ್ಯತ್ಯಾಸ?

ಮೊದಲ ಎರಡು ವರ್ಷ ಹೆಚ್ಚು ಕಡಿಮೆ ಏನೂ ಇಲ್ಲ. ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ಆಲ್ಗರಿದಂ, ಡೇಟಾಬೇಸ್, ನೆಟ್‌ವರ್ಕ್ ಎಲ್ಲರಿಗೂ ಇದ್ದೇ ಇರುತ್ತವೆ. ಐದನೇ ಸೆಮಿಸ್ಟರ್‌ನಿಂದಾಚೆ ಕೆಲವು ವಿಷಯ ಬದಲಾಗುತ್ತವೆ. ಸಾದಾ ಸಿಎಸ್ ವಿದ್ಯಾರ್ಥಿಯೂ ಮೆಷಿನ್ ಲರ್ನಿಂಗನ್ನು ಎಲೆಕ್ಟಿವ್ ಆಗಿ ತೆಗೆದುಕೊಳ್ಳಬಹುದು. ನನ್ನನ್ನು ಕೇಳಿದರೆ ಹೆಸರು ಉದ್ದವಾದಷ್ಟೂ ಒಂದು ಪ್ರಶ್ನೆ ಜಾಸ್ತಿ ಕೇಳಬೇಕು: ಆ ವಿಶೇಷ ವಿಷಯ ಓದಿದ ಅಧ್ಯಾಪಕರು ಈ ಕಾಲೇಜಲ್ಲಿ ಎಷ್ಟು ಜನ ಇದ್ದಾರೆ? ಸಿಎಸ್ ವಿಭಾಗದವರೇ ಬಂದು ಪಾಠ ಮಾಡುವುದಾದರೆ ಆ ಬೋರ್ಡ್ ಬೇರೆಯಾಗಿದ್ದು ಪ್ರಯೋಜನವಿಲ್ಲ.

ಒಳ್ಳೆ ಕಾಲೇಜಲ್ಲಿ ಮೆಕ್ಯಾನಿಕಲ್ ತಗೊಳ್ಳೋದಾ, ಸುಮಾರಾದ ಕಾಲೇಜಲ್ಲಿ ಸಿಎಸ್ ತಗೊಳ್ಳೋದಾ?

ಮಗುವಿಗೆ ಯಂತ್ರ ಬಿಚ್ಚುವ, ಜೋಡಿಸುವ ಹುಚ್ಚು ಇದ್ದರೆ ಒಳ್ಳೆ ಕಾಲೇಜಿನ ಮೆಕ್ಯಾನಿಕಲ್. ಸುಮ್ನೆ ಹೇಳುತ್ತಿಲ್ಲ. ಎಚ್‌ಎಎಲ್, ಎನ್‌ಎಎಲ್, ಇಸ್ರೋ, ಬಿಇಎಲ್ ಎಲ್ಲ ಬೆಂಗಳೂರಲ್ಲೇ ಇವೆ. ಈ ಕ್ಷೇತ್ರಗಳಲ್ಲೂ ಈಗ ಅರ್ಧ ಕೆಲಸ ಕಂಪ್ಯೂಟರ್ ಮೇಲೆಯೇ ನಡೆಯುತ್ತದೆ. ಹುಚ್ಚು ಯಾವುದರ ಕಡೆಗೂ ಇಲ್ಲ ಎಂದಾದರೆ ಕಾಲೇಜು ನೋಡಿ ಆರಿಸಿ, ಬ್ರಾಂಚ್ ಆಮೇಲೆ. ನಾಲ್ಕು ವರ್ಷ ಜೊತೆಗಿರುವ ಸಹಪಾಠಿಗಳಿಂದ ಕಲಿಯುವುದು ಪಠ್ಯದಿಂದ ಕಲಿಯುವುದಕ್ಕಿಂತ ಕಡಿಮೆಯೇನಲ್ಲ.

ಎಲ್ಲ ಕಾಲೇಜಿನವರೂ 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂತಾರೆ. ಹೊರಗಿನವರಿಗೆ ನಿಜ ತಿಳಿಯೋದು ಹೇಗೆ?

ಫ್ಲೆಕ್ಸ್ ಮೇಲಿನ ಅತಿ ದೊಡ್ಡ ಪ್ಯಾಕೇಜು ಒಬ್ಬ ಹುಡುಗನದ್ದು. ನೀವು ನೋಡಬೇಕಾದ್ದು ನಡುವಿನವನ ಸಂಬಳ. ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಪ್ರತಿ ಕಾಲೇಜೂ ತಾನು ಕೊಟ್ಟ ಮಾಹಿತಿಯನ್ನು ತನ್ನ ಜಾಲತಾಣದಲ್ಲಿ ಹಾಕಿರಬೇಕು. ಅದರಲ್ಲಿ ಒಂದು ಕೋಷ್ಟಕ ಇರುತ್ತದೆ: ಎಷ್ಟು ಜನ ಸೇರಿದರು, ನಿಗದಿತ ಅವಧಿಯಲ್ಲಿ ಎಷ್ಟು ಜನ ಪಾಸಾದರು, ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಅವರ ಮೀಡಿಯನ್ ಸಂಬಳ (ಅದೇ ನಡುವಿನವನ ಸಂಬಳ) ಎಷ್ಟು, ಎಷ್ಟು ಜನ ಮುಂದೆ ಓದಲು ಹೋದರು. ರ‍್ಯಾಂಕ್ ಎಷ್ಟು ಬಂದಿದೆ ಎಂಬುದಕ್ಕಿಂತ ಈ ಕೋಷ್ಟಕವೇ ಮೇಲು. ನಾನು ಮೊದಲು ನೋಡುವುದು 'ನಿಗದಿತ ಅವಧಿಯಲ್ಲಿ ಪಾಸಾದವರು' ಎಂಬ ಅಂಕಣ. 120 ಜನ ಸೇರಿ 70 ಜನ ಮಾತ್ರ ಸಮಯಕ್ಕೆ ಪಾಸಾಗಿದ್ದರೆ, ಉಳಿದ 50 ಮಕ್ಕಳಿಗೆ ಏನಾಯಿತು ಎಂದು ಕಾಲೇಜಿನವರನ್ನೇ ಕೇಳಿ.

ಎರಡನೆಯದು, ಎಐಸಿಟಿಇ ನಿಯಮದಂತೆ ಹಾಕಬೇಕಾದ ಮ್ಯಾಂಡೇಟರಿ ಡಿಸ್‌ಕ್ಲೋಷರ್. ಅದರಲ್ಲಿ ಅಧ್ಯಾಪಕರ ಪಟ್ಟಿ, ಅವರ ಓದು, ಸೇರಿದ ದಿನಾಂಕ ಇರುತ್ತದೆ. ಪೂರ್ತಿ ವಿಭಾಗವೇ ಹೋದ ವರ್ಷ ಸೇರಿದವರಿಂದ ತುಂಬಿದ್ದರೆ ಯೋಚಿಸಬೇಕಾದ ವಿಷಯ. ಮೂರನೆಯದು, ಯಾವುದಾದರೂ ಶನಿವಾರ ಹೋಗಿ ಕ್ಯಾಂಟೀನಿನಲ್ಲಿ ಮೂರನೇ ವರ್ಷದ ಇಬ್ಬರು ಮಕ್ಕಳನ್ನು ಮಾತಾಡಿಸಿ. ಅಡ್ಮಿಷನ್ ಡೆಸ್ಕಿನವರ ಹತ್ತಿರ ಸಿಗದ ಉತ್ತರ ಅಲ್ಲಿ ಒಂದು ಟೀ ಖರ್ಚಿನಲ್ಲಿ ಸಿಗುತ್ತದೆ.

ಆಪ್ಷನ್ ಎಂಟ್ರಿಯಲ್ಲಿ ನಮಗೆ ಸಿಗಬಹುದಾದ ಕಾಲೇಜನ್ನೇ ಮೇಲೆ ಹಾಕಬೇಕಾ?

ಬೇಡ. ಇದೊಂದೇ ತಪ್ಪಿನಿಂದ ಪ್ರತಿ ವರ್ಷ ಎಷ್ಟೋ ಮಕ್ಕಳು ಒಳ್ಳೆ ಸೀಟು ಕಳೆದುಕೊಳ್ಳುತ್ತಾರೆ. ನಿಮಗೆ ಬೇಕಾದ ಕ್ರಮದಲ್ಲಿ ಹಾಕಿ, ಸಿಗಬಹುದಾದ ಕ್ರಮದಲ್ಲಿ ಅಲ್ಲ. ಕಂಪ್ಯೂಟರ್ ನಿಮ್ಮ ರ‍್ಯಾಂಕ್ ಸರದಿ ಬಂದಾಗ ಪಟ್ಟಿಯ ಮೇಲಿನಿಂದ ನೋಡುತ್ತಾ ಬಂದು, ಖಾಲಿ ಇರುವ ಮೊದಲನೆಯದನ್ನು ಕೊಡುತ್ತದೆ. ಮೇಲೆ ಹಾಕಿದ ಕನಸಿನ ಕಾಲೇಜು ಸಿಗದಿದ್ದರೆ ಕೆಳಗಿನದಕ್ಕೆ ಏನೂ ತೊಂದರೆ ಆಗುವುದಿಲ್ಲ. ಅಣಕು ಹಂಚಿಕೆ, ಅಂದರೆ ಪ್ರಯೋಗಕ್ಕೆಂದು ಮಾಡಿ ತೋರಿಸುವ ಹಂಚಿಕೆ, ಬಂದ ಮೇಲೆ ಒಮ್ಮೆ ತಿದ್ದಿ. ಸೀಟು ಬಂದಾಗ, ಒಪ್ಪಿಗೆಯಾದರೆ ಚಾಯ್ಸ್ 1. ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ಬೇಕೆಂದರೆ ಚಾಯ್ಸ್ 2. ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗುವುದು ಚಾಯ್ಸ್ 3. ಅದು ಧೈರ್ಯವಂತರಿಗೆ ಮಾತ್ರ.

ಮ್ಯಾನೇಜ್‌ಮೆಂಟ್ ಸೀಟಿಗೆ ಜಮೀನು ಅಡ ಇಡಬಹುದಾ?

ಇಡಬೇಡಿ. ಖಾಸಗಿ ಕಾಲೇಜಿನ ಸೀಟು ಸ್ಥೂಲವಾಗಿ 45, 30, 25ರ ಲೆಕ್ಕದಲ್ಲಿ ಸರ್ಕಾರ, ಕಾಮೆಡ್‌ಕೆ (ಖಾಸಗಿ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ), ಮ್ಯಾನೇಜ್‌ಮೆಂಟ್ ಎಂದು ಹಂಚಿಕೆಯಾಗುತ್ತದೆ. ಮೂವರೂ ಕೂರುವುದು ಒಂದೇ ಬೆಂಚಿನ ಮೇಲೆ, ಬರೆಯುವುದು ಒಂದೇ ಪರೀಕ್ಷೆ. ಅಷ್ಟು ದುಡ್ಡಿನ ವ್ಯತ್ಯಾಸಕ್ಕೆ ತಕ್ಕ ಕೆಲಸ ಆ ಕಡೆ ಕಾದಿರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಐಟಿ ಕಂಪನಿಗಳ ನೇಮಕಾತಿ 2023ರ ನಂತರ ಹೇಗೆ ಇಳಿಯಿತು ಎಂಬುದನ್ನು ನೋಡಿದ್ದೇವಲ್ಲ.

ಮಗಳಿಗೆ ಸೀಟು ಬಂದಿದೆ, ಫೀಸು ಕಟ್ಟಲು ಕಷ್ಟ. ಏನಾದರೂ ದಾರಿ ಇದೆಯಾ?

ಇದೆ. ಮನೆಯ ವರ್ಷದ ಆದಾಯ 8 ಲಕ್ಷದ ಒಳಗಿದ್ದರೆ ಎಐಸಿಟಿಇಯ 'ಪ್ರಗತಿ' ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿ. ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳಿಗೂ ಸಿಗಬಹುದು. ಅಂಗವೈಕಲ್ಯ ಇರುವ ಮಕ್ಕಳಿಗೆ 'ಸಕ್ಷಮ್' ಇದೆ. ಸೀಟು ಹಂಚಿಕೆಯಲ್ಲೇ ಎಸ್‌ಎನ್‌ಕ್ಯು ಎಂಬ ಶೇ 5ರ ಹೆಚ್ಚುವರಿ ಸೀಟುಗಳಿವೆ, ಅವಕ್ಕೆ ಬೋಧನಾ ಶುಲ್ಕವೇ ಇಲ್ಲ. ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಂಡವರಿಗೆ ಮಾತ್ರ ಇದು ದಕ್ಕುತ್ತದೆ. ತಹಶೀಲ್ದಾರ್ ಕಚೇರಿಗೆ ಜೂನ್‌ನಲ್ಲಿ ಓಡುವ ಬದಲು ಫೆಬ್ರುವರಿಯಲ್ಲೇ ಹೋಗಿ ಬನ್ನಿ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್ ಇದೆ.

ಬಿಸಿಎ ಸಾಕಾ, ಬಿಇನೇ ಬೇಕಾ?

ಬಿಸಿಎ ಮಾಡಿ ಮುಂದೆ ಎಂಸಿಎ ಮಾಡಿದರೆ ಒಟ್ಟು ಐದು ವರ್ಷ. ಎಂಸಿಎ ಮೊದಲು ಮೂರು ವರ್ಷ ಇತ್ತು, 2020-21ರಿಂದ ಎರಡಾಗಿದೆ. ಖರ್ಚು ಕಡಿಮೆ, ಊರ ಹತ್ತಿರ ಕಾಲೇಜು ಸಿಗುತ್ತದೆ. ಕೊರತೆ ಒಂದೇ, ಗಣಿತ. ಪಿಯುಸಿಯಲ್ಲಿ ಕಾಮರ್ಸ್ ಓದಿ ಬಿಸಿಎಗೆ ಬಂದವರು ಇದನ್ನು ತಾವಾಗಿಯೇ ತುಂಬಿಕೊಳ್ಳಬೇಕು. ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಆನ್‌ಲೈನ್ ಡೇಟಾ ಸೈನ್ಸ್ ಪದವಿಯನ್ನೂ ಗಮನಿಸಿ. ಜೆಇಇ ಬೇಡ, ಅವರದೇ ಅರ್ಹತಾ ಹಂತ ಪಾಸಾದರೆ ಸಾಕು. ಒಟ್ಟಿಗೆ ಎರಡು ಪದವಿ ಓದಲು ಯುಜಿಸಿ 2022ರಲ್ಲಿ ಒಪ್ಪಿರುವುದರಿಂದ ಊರಿನ ಕಾಲೇಜಿನ ಬಿಸಿಎ ಜೊತೆಗೂ ಇದನ್ನು ಮಾಡಬಹುದು. ಆದರೆ ಸುಲಭ ಅಂದುಕೊಂಡು ಸೇರಬೇಡಿ.

ಬಿಎಸ್ಸಿ ಅಂದ್ರೆ ನೆಂಟರೆಲ್ಲ 'ಅಯ್ಯೋ' ಅಂತಾರೆ. ವಿಜ್ಞಾನ ಓದಿದ್ರೆ ಭವಿಷ್ಯ ಇಲ್ವಾ?

ನೆಂಟರ ಮಾತಿಗೆ ಅಂಕಿ ಅಂಶದ ಬೆಂಬಲ ಇಲ್ಲ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಸೇರಿ ಪದವಿ ಮತ್ತು ಮೇಲಿನ ಹಂತದಲ್ಲಿ ಸುಮಾರು 98.5 ಲಕ್ಷ ವಿದ್ಯಾರ್ಥಿಗಳಿದ್ದರು. ಅದರಲ್ಲಿ ಬಿಎಸ್ಸಿ, ಎಂಎಸ್ಸಿ ಎಲ್ಲ ಸೇರಿದ ವಿಜ್ಞಾನ ವಿಭಾಗದವರೇ 57 ಲಕ್ಷ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಣ್ಣುಮಕ್ಕಳು. ನಮ್ಮ ಮಾತುಕತೆಯೆಲ್ಲ ಎಂಜಿನಿಯರಿಂಗ್ ಸುತ್ತ, ಮಕ್ಕಳು ಇರುವುದು ಇಲ್ಲಿ.

ದಾರಿಗಳೂ ಇವೆ. ಬಿಎಸ್ಸಿ ಆದಮೇಲೆ ಜಾಮ್ ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂಎಸ್ಸಿ, ಐಐಎಸ್ಸಿಯಲ್ಲಿ ಸಮಗ್ರ ಪಿಎಚ್‌ಡಿ. ಪಿಯುಸಿ ಮುಗಿದ ಕೂಡಲೇ ಹೋಗುವುದಾದರೆ ಐಐಎಸ್ಸಿಯದೇ ನಾಲ್ಕು ವರ್ಷದ ಪದವಿ 2011ರಿಂದ ಇದೆ. ಮೇಷ್ಟ್ರಾಗುವ ಆಸೆ ಇದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಒಂದು ಷರತ್ತು: ಬಿಎಸ್ಸಿಯ ಜೊತೆ ಪ್ರೋಗ್ರಾಮಿಂಗ್ ಮತ್ತು ಸಂಖ್ಯಾಶಾಸ್ತ್ರ ಬಿಡಬೇಡಿ. ಈಗ ಜೀವಶಾಸ್ತ್ರದ ಲ್ಯಾಬಿನಲ್ಲೂ ಮೈಕ್ರೋಸ್ಕೋಪಿನ ಪಕ್ಕ ಪೈಥಾನ್ ಓಡುತ್ತಿರುತ್ತದೆ.

## ಸೇರಿದ ಮೇಲೆ

ನಾನು ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಕ್ಲಾಸಲ್ಲಿ ಏನೂ ಅರ್ಥ ಆಗ್ತಿಲ್ಲ. ಬಿಟ್ಟುಬಿಡ್ಲಾ?

ಬಿಡಬೇಡ. ಕನ್ನಡ ಮಾಧ್ಯಮದವರಿಗೆ ಸೀಟಿನಲ್ಲಿ ಶೇ 5 ಮೀಸಲು ಇಟ್ಟಿದ್ದು ನಿನ್ನಂಥವರು ಬರಲಿ ಎಂದೇ. ಬಂದಮೇಲೆ ಕೈಬಿಡುವುದು ವ್ಯವಸ್ಥೆಯ ತಪ್ಪು, ನಿನ್ನದಲ್ಲ. ಮೊದಲ ಸೆಮಿಸ್ಟರ್ ಎಲ್ಲರಿಗೂ ಕಷ್ಟ. ಇಂಗ್ಲಿಷ್ ಮೀಡಿಯಂನವರು ಅರ್ಥವಾದಂತೆ ತಲೆ ಆಡಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಒಂದು ಕೆಲಸ ಮಾಡು. ನಾಳೆಯ ಪಾಠದ ವಿಷಯವನ್ನು ಇವತ್ತೇ ಕನ್ನಡದಲ್ಲಿ ಕೇಳಿಕೊಂಡು ಹೋಗು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಸಿ, ಪೈಥಾನ್, ಲಿನಕ್ಸ್ ಪಾಠಗಳಿಗೆ ಕನ್ನಡ ಧ್ವನಿ ಇದೆ. ಐಐಟಿಗಳು ಸೇರಿ ನಡೆಸುವ ಆನ್‌ಲೈನ್ ಪಾಠಮಾಲೆ ಎನ್‌ಪಿಟೆಲ್‌ನ ಎಷ್ಟೋ ಕೋರ್ಸುಗಳಿಗೆ ಕನ್ನಡ ಅನುವಾದ ಸಿಗುತ್ತದೆ. ಕನ್ನಡದಲ್ಲಿ ಒಮ್ಮೆ ವಿಷಯ ತಲೆಗೆ ಹತ್ತಿದರೆ ಕ್ಲಾಸಿನಲ್ಲಿ ಇಂಗ್ಲಿಷ್ ಪದಗಳು ತಾವಾಗಿ ಜಾಗ ಹುಡುಕಿಕೊಳ್ಳುತ್ತವೆ. ಮತ್ತೆ, ಪ್ರಶ್ನೆಯನ್ನು ಕನ್ನಡದಲ್ಲೇ ಕೇಳು. ಬೈಯುವ ಮೇಷ್ಟ್ರು ಒಬ್ಬರು ಸಿಗಬಹುದು, ಖುಷಿಯಿಂದ ಹೇಳಿಕೊಡುವವರು ಅದಕ್ಕಿಂತ ಜಾಸ್ತಿ ಇದ್ದಾರೆ.

ಕೋಡಿಂಗ್ ಮಾಡೋಕೆ ಮ್ಯಾತ್ಸ್ ಯಾಕೆ ಬೇಕು?

ವೆಬ್‌ಸೈಟ್ ಕಟ್ಟಲು ಅಷ್ಟಾಗಿ ಬೇಡ. ಎಐ ಎಂದು ಬೋರ್ಡ್ ಇರುವ ಬ್ರಾಂಚಿಗೆ ಸೇರಿ ಈ ಪ್ರಶ್ನೆ ಕೇಳಿದರೆ ಮಾತ್ರ ಕಷ್ಟ. ಸೆಕೆಂಡ್ ಪಿಯುಸಿಯ ವೆಕ್ಟರ್ ಅಧ್ಯಾಯ ನೆನಪಿದೆಯಾ? ಎರಡು ವೆಕ್ಟರ್‌ಗಳ ಡಾಟ್ ಪ್ರಾಡಕ್ಟ್‌ನಿಂದ ನಡುವಿನ ಕೋನ ಕಂಡುಹಿಡಿಯುವ ಲೆಕ್ಕ. ಈಗ ಒಂದು ಸುದ್ದಿಯಲ್ಲಿ 'ಮಳೆ' ಎಷ್ಟು ಸಲ, 'ಬೆಳೆ' ಎಷ್ಟು ಸಲ, 'ವಿಕೆಟ್' ಎಷ್ಟು ಸಲ ಬಂದಿದೆ ಎಂದು ಎಣಿಸಿ ಸಾಲಾಗಿ ಬರೆಯಿರಿ. ಅದೇ ಒಂದು ವೆಕ್ಟರ್. ಇನ್ನೊಂದು ಸುದ್ದಿಗೂ ಹಾಗೇ ಮಾಡಿ. ಕೋನ ಚಿಕ್ಕದಿದ್ದರೆ ಎರಡೂ ಒಂದೇ ಬಗೆಯ ಸುದ್ದಿ, 90 ಡಿಗ್ರಿ ಹತ್ತಿರ ಇದ್ದರೆ ಒಂದು ಕೃಷಿ, ಇನ್ನೊಂದು ಕ್ರಿಕೆಟ್. ಸರ್ಚ್ ಎಂಜಿನ್‌ನಿಂದ ಹಿಡಿದು ಇವತ್ತಿನ ಭಾಷಾ ಮಾದರಿಗಳವರೆಗೆ ಈ ಉಪಾಯ ಬೇರೆ ಬೇರೆ ರೂಪದಲ್ಲಿ ಬಂದೇ ಬರುತ್ತದೆ. ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ, ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್, ಈ ಮೂರನ್ನು ಪಾಸಾಗಲು ಓದಬೇಡಿ, ಕಲಿಯಲು ಓದಿ.

ಯಾವ ಲ್ಯಾಪ್‌ಟಾಪ್ ತಗೋಬೇಕು?

16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇದ್ದರೆ ಸಾಕು. 8 ಜಿಬಿಯೂ ಎರಡು ವರ್ಷ ನಡೆಯುತ್ತದೆ. ಗೇಮಿಂಗ್ ಲ್ಯಾಪ್‌ಟಾಪನ್ನು 'ಎಐ ಓದಲು ಬೇಕು' ಎಂದು ಮಗ ಹೇಳಿದರೆ ನಗುತ್ತಾ ಮುಂದೆ ಹೋಗಿ. ಗೂಗಲ್‌ನ ಕೊಲ್ಯಾಬ್ ತಾಣದಲ್ಲಿ ಎಐಗೆ ಬೇಕಾದ ಜಿಪಿಯು ಪುಕ್ಕಟೆ ಸಿಗುತ್ತದೆ.

ಲ್ಯಾಬಲ್ಲಿ ಔಟ್‌ಪುಟ್ ಸರಿಯಾಗಿ ಬಂತು, ಆದ್ರೂ ಮೇಷ್ಟ್ರು ಅಂಕ ಕಟ್ ಮಾಡಿದ್ರು. ಯಾಕೆ?

ಡೇಟಾ ಸ್ಟ್ರಕ್ಚರ್ ಲ್ಯಾಬಿನಲ್ಲಿ ಪ್ರತಿ ವರ್ಷ ನಡೆಯುವ ಒಂದು ಕಥೆ ಹೇಳುತ್ತೇನೆ. ಲಿಂಕ್ಡ್ ಲಿಸ್ಟ್ ಒಂದು ಸರಪಳಿ ಇದ್ದ ಹಾಗೆ, ಅದರ ಪ್ರತಿ ಕೊಂಡಿಯಲ್ಲೂ (ನೋಡ್) ಮುಂದಿನ ಕೊಂಡಿಯ ವಿಳಾಸ ಇರುತ್ತದೆ. ಅದರ ಮೊದಲ ನೋಡ್ ಅಳಿಸಬೇಕು. ಸರಿಯಾದ ಕ್ರಮ ಇಷ್ಟೇ: ಮುಂದಿನ ನೋಡ್‌ನ ವಿಳಾಸವನ್ನು ಮೊದಲು ಬೇರೆ ಪಾಯಿಂಟರಿನಲ್ಲಿ (ವಿಳಾಸ ಇಡುವ ವೇರಿಯಬಲ್) ಇಟ್ಟುಕೊ, ಆಮೇಲೆ ಹಳೆಯದನ್ನು ಫ್ರೀ ಮಾಡು, ಅಂದರೆ ಅದರ ಮೆಮೊರಿ ಜಾಗ ಬಿಟ್ಟುಕೊಡು. ಹುಡುಗ ಈ ಎರಡು ಸಾಲು ಅದಲು ಬದಲು ಮಾಡಿರುತ್ತಾನೆ. ಮೊದಲು ಫ್ರೀ, ಆಮೇಲೆ ಆ ಬಿಟ್ಟುಕೊಟ್ಟ ಜಾಗದಿಂದಲೇ ಮುಂದಿನ ವಿಳಾಸ ಓದುವುದು. ಲ್ಯಾಬಿನ ಹಳೇ ಯಂತ್ರದಲ್ಲಿ ಔಟ್‌ಪುಟ್ ಸರಿಯಾಗಿಯೇ ಬರುತ್ತದೆ. ಯಾಕೆಂದರೆ ಆ ಜಾಗವನ್ನು ಇನ್ನೂ ಯಾರೂ ಮುಟ್ಟಿಲ್ಲ, ಹಳೆಯ ವಿಳಾಸ ಅಲ್ಲೇ ಉಳಿದಿದೆ. ಅದೇ ಪ್ರೋಗ್ರಾಂ ಮನೆಗೆ ಒಯ್ದು ಹೊಸ ಲಿನಕ್ಸ್‌ನಲ್ಲಿ ಓಡಿಸಿದರೆ ಸೆಗ್ಮೆಂಟೇಶನ್ ಫಾಲ್ಟ್, ಪ್ರೋಗ್ರಾಂ ಅರ್ಧಕ್ಕೇ ನಿಂತುಬಿಡುತ್ತದೆ. 'ಲ್ಯಾಬಲ್ಲಿ ಬಂದಿತ್ತು ಸಾರ್, ಲ್ಯಾಪ್‌ಟಾಪೇ ಸರಿ ಇಲ್ಲ' ಅನ್ನುತ್ತಾನೆ.

ವಾಲ್‌ಗ್ರಿಂಡ್ ಎಂಬ ಉಚಿತ ಸಲಕರಣೆ ಹಾಕಿ ಓಡಿಸಿದರೆ 'ಇನ್‌ವ್ಯಾಲಿಡ್ ರೀಡ್' ಎಂದು ಆ ಸಾಲನ್ನೇ ಬೆರಳಿಟ್ಟು ತೋರಿಸುತ್ತದೆ. ಅವತ್ತು ಆ ಹುಡುಗ ಮೆಮೊರಿ ಎಂದರೇನು ಎಂದು ಕಲಿಯುತ್ತಾನೆ. ಮ್ಯಾನ್ಯುಯಲ್ ನೋಡಿ ರೆಕಾರ್ಡ್ ಬುಕ್ಕಿಗೆ ಇಳಿಸಿದವನು ಕಲಿಯುವುದಿಲ್ಲ, ಅವನಿಗೆ ತಪ್ಪೇ ಆಗಿರುವುದಿಲ್ಲವಲ್ಲ! ಅಂಕ ಹೋಗಿದ್ದಕ್ಕೆ ಬೇಸರ ಬೇಡ.

ಎಐ ಈಗ ಕೋಡ್ ಬರೆದುಕೊಡುತ್ತೆ. ಇಷ್ಟೆಲ್ಲ ಕಲಿಯೋದು ವ್ಯರ್ಥ ಅಲ್ವಾ?

ಮೇಲಿನ ಅದಲು ಬದಲಾದ ಎರಡು ಸಾಲನ್ನು ಎಐ ಬರೆದಿದ್ದರೆ ಹಿಡಿಯುವವರು ಯಾರು? ಬರೆಯುವ ಕೆಲಸ ಅಗ್ಗವಾಗಿದೆ, ನಿಜ. ಓದಿ, ಪರೀಕ್ಷಿಸಿ, 'ಇದು ಸರಿ' ಎಂದು ಸಹಿ ಹಾಕುವ ಕೆಲಸ ಮೊದಲಿಗಿಂತ ಜಾಸ್ತಿಯಾಗಿದೆ. ನನ್ನ ಸಲಹೆ: ಮೊದಲ ವರ್ಷ ಎಐ ಇಲ್ಲದೆ ಬರೆಯಿರಿ. ಎರಡನೇ ವರ್ಷದಿಂದ ಬಳಸಿ, ಆದರೆ ಅದು ಕೊಟ್ಟ ಪ್ರತಿ ಸಾಲನ್ನೂ ಪಕ್ಕದವರಿಗೆ ವಿವರಿಸಲು ಬಂದರೆ ಮಾತ್ರ ಸಲ್ಲಿಸಿ. ಕಂಪನಿಗಳಲ್ಲಿ ಹೊಸಬರಿಗೆ ಸಿಗುವ ಕೆಲಸ ಕಡಿಮೆಯಾಗುತ್ತಿದೆ ಎಂಬ ಭಯ ಸುಳ್ಳಲ್ಲ. ಹಾಗಾಗಿಯೇ ಬರೀ ಸಿಂಟ್ಯಾಕ್ಸ್ ಬಲ್ಲವರಿಗಿಂತ ಇನ್ನೊಂದು ಕ್ಷೇತ್ರವನ್ನೂ ಬಲ್ಲವರು ಉಳಿಯುತ್ತಾರೆ.

ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದಿದ್ದೇನೆ. ಹಿಂದೆ ಬೀಳ್ತೀನಾ?

ಡಿಸಿಇಟಿಯಲ್ಲಿ (ಡಿಪ್ಲೊಮಾದವರಿಗೆ ಇರುವ ಸಿಇಟಿ) ಬಂದವರು ಲ್ಯಾಬಿನಲ್ಲಿ ಬೇರೆಯವರಿಗಿಂತ ಮುಂದಿರುತ್ತಾರೆ, ಗಣಿತದಲ್ಲಿ ಹಿಂದೆ. ಡಿಪ್ಲೊಮಾದವರಿಗಾಗಿ ಇಡುವ ಹೆಚ್ಚುವರಿ ಗಣಿತದ ತರಗತಿಯನ್ನು ಕ್ರೆಡಿಟ್ ಇಲ್ಲ ಎಂದು ತಪ್ಪಿಸಬೇಡಿ. ಮೂರನೇ ಸೆಮಿಸ್ಟರ್ ದಾಟಿದರೆ ಆಮೇಲೆ ಯಾರು ಎಲ್ಲಿಂದ ಬಂದವರು ಎಂದು ಗುರುತೇ ಸಿಗುವುದಿಲ್ಲ.

ನಾನು ಸಿವಿಲ್. ಕಂಪ್ಯೂಟಿಂಗ್ ಕಲಿಯಬೇಕು ಅಂದ್ರೆ ಬ್ರಾಂಚ್ ಬದಲಿಸಲೇಬೇಕಾ?

ಬೇಡ, ನಿಮ್ಮ ಬ್ರಾಂಚಿನಲ್ಲೇ ಕಂಪ್ಯೂಟಿಂಗ್‌ಗೆ ನಿಜವಾದ ಕೆಲಸ ಇದೆ. ಮೊಬೈಲಿನಲ್ಲಿ 'ದಿಶಾಂಕ್' ಆ್ಯಪ್ ತೆರೆದು ನಿಂತಲ್ಲೇ ಸರ್ವೆ ನಂಬರ್ ನೋಡಿದ್ದೀರಲ್ಲ, ಅದು ಸಿವಿಲ್, ಸರ್ವೆ, ಸಾಫ್ಟ್‌ವೇರ್ ಮೂರೂ ಸೇರಿದ ಕೆಲಸ. ನಕ್ಷೆ ಮಾಡುವ ತಂತ್ರಾಂಶ ಕ್ಯುಜಿಐಎಸ್ ಉಚಿತ, ಪೈಥಾನ್ ಉಚಿತ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದವರೆಗೆ ಇವೆ. ನಿಮ್ಮ ಹೋಬಳಿಯ ಮಳೆ ಲೆಕ್ಕ, ಊರ ಕೆರೆಯ ನಕ್ಷೆ, ರಾಜಕಾಲುವೆಯ ಇಳಿಜಾರು ಮೂರನ್ನೂ ಇಟ್ಟುಕೊಂಡು ಯಾವ ಬೀದಿಗೆ ಮೊದಲು ನೀರು ನುಗ್ಗುತ್ತದೆ ಎಂದು ಲೆಕ್ಕ ಹಾಕಿ. ಫೈನಲ್ ಇಯರ್ ಪ್ರಾಜೆಕ್ಟ್ ಎಂದು ಹಣ ಕೊಟ್ಟು ತರುವ 'ಸ್ಮಾರ್ಟ್ ಡಸ್ಟ್‌ಬಿನ್'ಗಿಂತ ಇದು ಎಷ್ಟೋ ಮೇಲು.

## ಪಾಠ ಮಾಡುವವರು, ಕಾಲೇಜು ನಡೆಸುವವರು

ಮ್ಯಾನೇಜ್‌ಮೆಂಟಿನವರು ಸಿಎಸ್ ಇನ್‌ಟೇಕನ್ನು 240 ಮಾಡೋಣ ಅಂತಿದ್ದಾರೆ. ಏನು ಹೇಳಲಿ?

ಒಂದು ಹಾಳೆ, ಪೆನ್ನು ತೆಗೆದುಕೊಂಡು ಹೋಗಿ. 240 ಗುಣಿಸು ನಾಲ್ಕು ವರ್ಷ, 960 ವಿದ್ಯಾರ್ಥಿಗಳು. ಎಐಸಿಟಿಇ ಲೆಕ್ಕ 20 ವಿದ್ಯಾರ್ಥಿಗೆ ಒಬ್ಬ ಅಧ್ಯಾಪಕರು, ಅಂದರೆ 48 ಜನ. ಪ್ರೊಫೆಸರ್, ಅಸೋಸಿಯೇಟ್, ಅಸಿಸ್ಟೆಂಟ್ 1:2:6ರ ಪ್ರಮಾಣದಲ್ಲಿ ಇರಬೇಕು. ಸುಮಾರು 5, 11, 32. ಮೇಲಿನ 16 ಜನಕ್ಕೂ ಪಿಎಚ್‌ಡಿ ಇರಬೇಕು. ಕಂಪ್ಯೂಟರ್ ಸೈನ್ಸ್‌ನಲ್ಲಿ ಪಿಎಚ್‌ಡಿ ಮಾಡಿ, ಐಟಿ ಸಂಬಳ ಬಿಟ್ಟು, ನಿಮ್ಮ ಊರಿಗೆ ಬರುವ 16 ಜನರ ಹೆಸರು ಹೇಳಿ ಎಂದು ಕೇಳಿ.

ಇನ್ನು ಲ್ಯಾಬ್. 60ರಂತೆ ನಾಲ್ಕು ಸೆಕ್ಷನ್, ಪ್ರತಿ ಸೆಕ್ಷನ್‌ಗೆ 20ರಂತೆ ಮೂರು ಬ್ಯಾಚ್, ಒಟ್ಟು 12 ಬ್ಯಾಚ್. ಒಂದು ಲ್ಯಾಬ್ ವಿಷಯಕ್ಕೆ ವಾರಕ್ಕೆ ಎರಡು ಗಂಟೆ ಎಂದರೆ 24 ಗಂಟೆ. ಒಂದೇ ಸೆಮಿಸ್ಟರ್‌ನಲ್ಲಿ ಅಂಥ ಎರಡು ವಿಷಯ ಇದ್ದರೆ 48 ಗಂಟೆ. ಕಾಲೇಜು ನಡೆಯುವುದೇ ವಾರಕ್ಕೆ 40 ಗಂಟೆ ಆಸುಪಾಸು. ಅಂದರೆ ಒಂದು ಸೆಮಿಸ್ಟರ್‌ನ ಮಕ್ಕಳಿಗೇ ಒಂದು ಕೋಣೆ ಸಾಲುವುದಿಲ್ಲ, ಉಳಿದ ಸೆಮಿಸ್ಟರ್‌ಗಳು ಹಾಗೇ ಇವೆ. ಹೊಸ ಕಟ್ಟಡ ಒಂದು ವರ್ಷದಲ್ಲಿ ಎದ್ದೀತು. ಬ್ಯಾಚ್ ನೋಡಿಕೊಳ್ಳುವ ಮೇಷ್ಟ್ರು ಒಂದು ವರ್ಷದಲ್ಲಿ ತಯಾರಾಗುವುದಿಲ್ಲ. ಮೊದಲು ಜನರನ್ನು ತೆಗೆದುಕೊಳ್ಳಿ, ಆಮೇಲೆ ಸೀಟಿಗೆ ಅರ್ಜಿ ಹಾಕಿ ಎಂದು ಹೇಳಬೇಕು. ಕೇಳುತ್ತಾರೋ ಬಿಡುತ್ತಾರೋ, ಲೆಕ್ಕ ಮೀಟಿಂಗಿನ ನಡವಳಿಯಲ್ಲಿ ಬರೆದಿರಲಿ.

ಜನರನ್ನು ತಗೊಳ್ಳಿ ಅಂತೀರಿ. ಎಲ್ಲಿ ಸಿಗ್ತಾರೆ?

ಸಿಗುವುದಿಲ್ಲ, ತಯಾರು ಮಾಡಿಕೊಳ್ಳಬೇಕು. ನಮ್ಮ ದೇಶದಲ್ಲಿ ಕಂಪ್ಯೂಟರ್ ಶಿಕ್ಷಣ ಶುರುವಾದದ್ದೇ ಹಾಗೆ. 1963ರಲ್ಲಿ ಐಐಟಿ ಕಾನ್ಪುರಕ್ಕೆ ಐಬಿಎಂ 1620 ಯಂತ್ರ ಬಂತು. ಅಲ್ಲಿನವರು ತಮ್ಮ ವಿದ್ಯಾರ್ಥಿಗಳಿಗೆ ಮಾತ್ರ ಪಾಠ ಮಾಡಿ ಕೂರಲಿಲ್ಲ. ಬೇರೆ ಬೇರೆ ಕಡೆಯ ವಿಜ್ಞಾನಿಗಳು, ಅಧ್ಯಾಪಕರಿಗೆ ಕಿರು ಕೋರ್ಸುಗಳನ್ನು ನಡೆಸಿದರು. ಅವರಲ್ಲಿ ಮುಖ್ಯರಾದ ವಿ. ರಾಜಾರಾಮನ್ ಮುಂದೆ ಬೆಂಗಳೂರಿನ ಐಐಎಸ್ಸಿಗೆ ಬಂದು ಸೂಪರ್‌ಕಂಪ್ಯೂಟರ್ ಕೇಂದ್ರ ಕಟ್ಟಿದರು. ದೇಶದಲ್ಲಿ ಎಂಸಿಎ ಕೋರ್ಸ್ ರೂಪುಗೊಂಡದ್ದೂ ಅವರ ಅಧ್ಯಕ್ಷತೆಯ ಸಮಿತಿಯ ಶಿಫಾರಸಿನಿಂದಲೇ.

ಈಗಿರುವ ದಾರಿಗಳು: 1970ರಿಂದ ನಡೆಯುತ್ತಿರುವ ಕ್ಯುಐಪಿ ಯೋಜನೆಯಲ್ಲಿ ಅಧ್ಯಾಪಕರು ಸಂಬಳ ಬಿಡದೆ ಐಐಟಿ, ಐಐಎಸ್ಸಿಗಳಲ್ಲಿ ಪಿಎಚ್‌ಡಿ ಮಾಡಬಹುದು. ಒಬ್ಬರನ್ನು ಕಳಿಸಿದರೆ ಪಾಠಕ್ಕೆ ತೊಂದರೆ ಎಂದು ಕಾಲೇಜುಗಳು ತಡೆಯುತ್ತವೆ. ನನ್ನ ಪ್ರಕಾರ ಅದೇ ಇಡೀ ಸಮಸ್ಯೆಯ ಬೇರು. ಇನ್ನೊಂದು, 2022ರಲ್ಲಿ ಯುಜಿಸಿ ತಂದ ಪ್ರೊಫೆಸರ್ ಆಫ್ ಪ್ರಾಕ್ಟೀಸ್ ಹುದ್ದೆ. ಪಿಎಚ್‌ಡಿ ಇಲ್ಲದ ಅನುಭವಿಗಳನ್ನು ಮಂಜೂರಾದ ಹುದ್ದೆಗಳ ಶೇ 10ರವರೆಗೆ ನೇಮಿಸಬಹುದು. ಬೆಂಗಳೂರಿನಿಂದ ಹುಟ್ಟೂರಿಗೆ ಮರಳಿ ಮನೆಯಿಂದಲೇ ಕೆಲಸ ಮಾಡುತ್ತಿರುವ ಎಂಜಿನಿಯರ್‌ಗಳು ಶಿವಮೊಗ್ಗ, ಹಾಸನ, ಧಾರವಾಡದ ಸುತ್ತಮುತ್ತ ಬೇಕಾದಷ್ಟು ಇದ್ದಾರೆ. ಅವರಿಗೆ ಸೆಮಿಸ್ಟರ್‌ಗೆ ಒಂದು ಪೂರ್ತಿ ಕೋರ್ಸ್ ಕೊಡಿ. ಶಾಲು ಹೊದಿಸಿ ಕಳಿಸುವ ಒಂದು ಗಂಟೆಯ ಗೆಸ್ಟ್ ಲೆಕ್ಚರ್ ಬೇಡ.

ಕ್ಲಾಸಲ್ಲಿ ಅರ್ಧ ಮಂದಿಗೆ ಆಗಲೇ ಪೈಥಾನ್ ಬರುತ್ತೆ, ಉಳಿದವರು ಕೀಬೋರ್ಡೇ ಸರಿಯಾಗಿ ಮುಟ್ಟಿಲ್ಲ. ಹೇಗೆ ಪಾಠ ಮಾಡೋದು?

ಅಮೆರಿಕದ ಹಾರ್ವೆ ಮಡ್ ಕಾಲೇಜಿನವರಿಗೂ ಇದೇ ತಲೆನೋವಿತ್ತು. 2006ರ ಸುಮಾರಿಗೆ ಅಲ್ಲಿ ಕಂಪ್ಯೂಟರ್ ಸೈನ್ಸ್ ಆರಿಸಿಕೊಳ್ಳುವವರಲ್ಲಿ ಹೆಣ್ಣುಮಕ್ಕಳು ಶೇ 10ರಷ್ಟು ಮಾತ್ರ. ಅವರು ಮೊದಲ ಕೋರ್ಸನ್ನು ಜಾವಾದಿಂದ ಪೈಥಾನ್‌ಗೆ ಬದಲಿಸಿದರು. ಮೊದಲೇ ಬಲ್ಲವರಿಗೆ ಒಂದು ಸೆಕ್ಷನ್, ಹೊಸಬರಿಗೆ ಬೇರೆ ಸೆಕ್ಷನ್ ಮಾಡಿದರು. 'ಅದು ನನಗೆ ಗೊತ್ತು' ಎಂದು ಕ್ಲಾಸಿನಲ್ಲಿ ಮೆರೆಯುವವರನ್ನು ಅಧ್ಯಾಪಕರು ಪಕ್ಕಕ್ಕೆ ಕರೆದು ಮೆತ್ತಗೆ ಸುಮ್ಮನಾಗಿಸಿದರು. ಕೆಲವೇ ವರ್ಷದಲ್ಲಿ ಹೆಣ್ಣುಮಕ್ಕಳ ಪಾಲು ಶೇ 40ರ ಹತ್ತಿರ ಬಂತು. ಹಣದ ಖರ್ಚು ಇದರಲ್ಲಿ ಬಹಳ ಇಲ್ಲ, ಟೈಂಟೇಬಲ್ ಬದಲಿಸುವ ಮನಸ್ಸು ಬೇಕು. ನಮ್ಮ ಐಐಟಿಗಳು ಬೇರೆ ದಾರಿ ಹಿಡಿದವು. 2018ರಿಂದ ಹೆಣ್ಣುಮಕ್ಕಳಿಗೆ ಹೆಚ್ಚುವರಿ ಸೀಟು ಕೊಟ್ಟು 2020ರ ಹೊತ್ತಿಗೆ ಶೇ 20ಕ್ಕೆ ತಂದವು.

ಇನ್ನೊಂದು ಉಪಾಯ, ಮೇಲಿನ ಸೆಮಿಸ್ಟರ್‌ನ ಮಕ್ಕಳನ್ನೇ ಲ್ಯಾಬಿನಲ್ಲಿ ಸಹಾಯಕರಾಗಿ ನಿಲ್ಲಿಸುವುದು. ಸ್ಟ್ಯಾನ್‌ಫರ್ಡ್‌ನಲ್ಲಿ ಮೊದಲ ಪ್ರೋಗ್ರಾಮಿಂಗ್ ಕೋರ್ಸಿನ ಚಿಕ್ಕ ಗುಂಪುಗಳನ್ನು ಪದವಿ ವಿದ್ಯಾರ್ಥಿಗಳೇ ನಡೆಸುವ ಪದ್ಧತಿ ದಶಕಗಳಿಂದ ಇದೆ. ನಮ್ಮಲ್ಲಿ ನಾಲ್ಕೂ ವರ್ಷ ಓದುವ ಪ್ರತಿ ವಿದ್ಯಾರ್ಥಿ ಪಾಠದ ಹೊರಗಿನ ಸಮಾಜಮುಖಿ ಕೆಲಸಕ್ಕೆ 100 ಆ್ಯಕ್ಟಿವಿಟಿ ಪಾಯಿಂಟ್ ಗಳಿಸಲೇಬೇಕು. ಗಿಡ ನೆಟ್ಟ ಫೋಟೊ ತೆಗೆಸಿಕೊಳ್ಳುವ ಬದಲು ಜೂನಿಯರ್‌ಗಳಿಗೆ ಪಾಯಿಂಟರ್ ಹೇಳಿಕೊಟ್ಟಿದ್ದಕ್ಕೂ ಆ ಪಾಯಿಂಟ್ ಸಿಗುವ ಹಾಗಾಗಬೇಕು.

ಕನ್ನಡದಲ್ಲೇ ಬಿಇ ಪಾಠ ಯಾಕೆ ಆಗ್ತಿಲ್ಲ?

2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿ ಹಲವು ಭಾರತೀಯ ಭಾಷೆಗಳಲ್ಲಿ ಬಿಇ ಕಲಿಸಲು ಅನುಮತಿ ಕೊಟ್ಟಿತು. ಕರ್ನಾಟಕದಲ್ಲಿ ಸೇರಲು ಬಂದವರು ಬಹಳ ಕಡಿಮೆ. 'ಮುಂದೆ ಕೆಲಸ ಸಿಗುತ್ತಾ' ಎಂಬ ಭಯಕ್ಕೆ ಯಾರೂ ಉತ್ತರ ಕೊಟ್ಟಿರಲಿಲ್ಲ. ಪೂರ್ತಿ ಕನ್ನಡ ಅಥವಾ ಪೂರ್ತಿ ಇಂಗ್ಲಿಷ್ ಎಂದು ಹಟ ಹಿಡಿಯುವುದು ನನಗೆ ಸರಿ ಕಾಣುವುದಿಲ್ಲ. ಸ್ಟ್ಯಾಕ್, ಕ್ಯೂ, ಪಾಯಿಂಟರ್ ಎಂಬ ಪದಗಳು ಹಾಗೇ ಇರಲಿ, ವಿವರಣೆ ಕನ್ನಡದಲ್ಲಿ ಆಗಲಿ. ತಾಲ್ಲೂಕು ಕಾಲೇಜುಗಳಲ್ಲಿ ಒಳ್ಳೆ ಮೇಷ್ಟ್ರುಗಳು ಈಗಲೂ ಮಾಡುತ್ತಿರುವುದು ಇದನ್ನೇ, ಬಾಗಿಲು ಹಾಕಿಕೊಂಡು. ಬಾಗಿಲು ತೆರೆದು ಮಾಡಲು ಒಂದು ಸುತ್ತೋಲೆ ಸಾಕು.

ಸಿಒ-ಪಿಒ (ಕೋರ್ಸಿನಿಂದ, ಪದವಿಯಿಂದ ವಿದ್ಯಾರ್ಥಿ ಕಲಿತದ್ದೆಷ್ಟು ಎಂಬ ಲೆಕ್ಕ) ಎಕ್ಸೆಲ್ ತುಂಬೋದ್ರಲ್ಲೇ ಸೆಮಿಸ್ಟರ್ ಮುಗಿಯುತ್ತೆ. ಇದರಿಂದ ಯಾರಿಗೆ ಲಾಭ?

2014ರ ಜೂನ್‌ನಲ್ಲಿ ಭಾರತ ವಾಷಿಂಗ್ಟನ್ ಒಪ್ಪಂದದ, ಅಂದರೆ ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ಒಪ್ಪಂದದ, ಪೂರ್ಣ ಸದಸ್ಯ ಆಯಿತು. ಎನ್‌ಬಿಎ (ಕೋರ್ಸಿನ ಗುಣಮಟ್ಟ ನೋಡುವ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆ ಇರುವ ನಮ್ಮ ಬಿಇಗೆ ಬೇರೆ ಸದಸ್ಯ ದೇಶಗಳಲ್ಲೂ ಬೆಲೆ ಬರಬೇಕಾದರೆ, ವಿದ್ಯಾರ್ಥಿ ಏನು ಕಲಿತ ಎಂದು ಅಳೆದು ತೋರಿಸಬೇಕು. ಉದ್ದೇಶ ಒಳ್ಳೆಯದೇ. ನಾವು ಅದನ್ನು ಮಾಡಿಕೊಂಡಿರುವ ರೀತಿ ಮಾತ್ರ ದರಿದ್ರ. ಇಂಟರ್ನಲ್ ಅಂಕಗಳನ್ನು ಒಂದು ಸೂತ್ರಕ್ಕೆ ಹಾಕಿ 2.4 ಎಂದು ಬರಿಸಿ, ಮುಂದಿನ ವರ್ಷ 2.5 ಎಂದು ಬರಿಸುತ್ತೇವೆ.

ಇದನ್ನೇ ಉಪಯೋಗಕ್ಕೆ ಬರುವಂತೆ ಮಾಡಲು ಒಂದು ಸಣ್ಣ ದಾರಿ ಇದೆ. ಪ್ರತಿ ಕೋರ್ಸಿಗೆ ಒಂದೇ ಒಂದು ಪ್ರಶ್ನೆ ಆರಿಸಿ, ಮಕ್ಕಳು ಪ್ರತಿ ವರ್ಷ ಎಡವುವಂಥದ್ದು. ಡೇಟಾ ಸ್ಟ್ರಕ್ಚರ್‌ಗೆ ಮೇಲೆ ಹೇಳಿದ ನೋಡ್ ಅಳಿಸುವ ಪ್ರಶ್ನೆಯೇ ಸಾಕು. ಸೆಮಿಸ್ಟರ್ ಶುರುವಿನಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಕೇಳಿ. ಎಷ್ಟು ಮಂದಿ ದಾಟಿದರು, ದಾಟದವರು ಏನು ಬರೆದಿದ್ದರು ಎಂದು ಅರ್ಧ ಪುಟ ಬರೆದು ಕಡತಕ್ಕೆ ಸೇರಿಸಿ. ಎನ್‌ಬಿಎ ತಂಡ ಬಂದಾಗ ಎಕ್ಸೆಲ್‌ನ ಜೊತೆಗೆ ಆ ಅರ್ಧ ಪುಟವನ್ನೂ ಮುಂದಿಡಿ. ಮುಂದಿನ ವರ್ಷ ಅದೇ ವಿಷಯ ತೆಗೆದುಕೊಳ್ಳುವ ಹೊಸ ಮೇಷ್ಟ್ರಿಗೂ ಅದರ ಒಂದು ಪ್ರತಿ ಕೊಡಿ.